ಅಣ್ಣ ಬಗ್ಗಿಸಿದ ಪೈಪು

ನನ್ನ ಅಣ್ಣನಿಗೆ ಬಾಗಿದ್ದು ಕಂಡರೆ ಆಗುವುದಿಲ್ಲ. ಖಾನಾಪುರದ ಅವನ ಮನೆಯಲ್ಲಿ ಒಂದು ಡಬ್ಬಿಯ ತುಂಬ ಹಳೆಯ ಮೊಳೆಗಳಿವೆ. ಎಲ್ಲವನ್ನೂ ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿದ್ದಾನೆ. ಗೋಡೆಯ ಫೋಟೊ ಕೂದಲೆಳೆಯಷ್ಟು ವಾಲಿದ್ದರೂ, ಬೇರೆಯವರ ಮನೆಯಾದರೂ ಸರಿ, ಎದ್ದು ಹೋಗಿ ಸರಿಪಡಿಸುತ್ತಾನೆ. ನನ್ನನ್ನೂ ಚಿಕ್ಕಂದಿನಿಂದ ನೆಟ್ಟಗೆ ಮಾಡಲು ನೋಡಿ ಸೋತಿದ್ದಾನೆ.

ಅವನೊಮ್ಮೆ ಹಳೆಯದೊಂದು ಆಟೊಮ್ಯಾಟಿಕ್ ಕಾರು ಕೊಂಡಿದ್ದ. ತನ್ನನ್ನು ಕೇಳದೆ ಗೇರು ಬದಲಿಸುವ ಗಾಡಿ ಅವನಿಗೆ ಸರಿಬರಲಿಲ್ಲ. ನನ್ನ ಎಡಮೊಣಕಾಲಿನ ಆಪರೇಶನ್ ಆದಾಗ ಅದನ್ನು ನನಗೆ ದಾಟಿಸಿದ. ಕ್ಲಚ್ ತುಳಿಯಲಾಗದ ನನಗೆ ಆ ಕಾರೇ ಕಾಲಾಯಿತು. ಪೀರನವಾಡಿಯ ನನ್ನ ಮನೆಯಿಂದ ಪೇಟೆಗೆ, ಆಸ್ಪತ್ರೆಗೆ, ಗೆಳತಿಯರ ಮನೆಗೆ, ಮನಸ್ಸು ಬಂದರೆ ಸಾಂಬ್ರಾ ಕಡೆಗೆ ವಿಮಾನ ನೋಡಲು, ಯಾರನ್ನೂ ಕೇಳದೆ ಹೋಗುತ್ತಿದ್ದೆ. ಕಾಗದಪತ್ರ ಮಾತ್ರ ಅಣ್ಣನ ಹೆಸರಿನಲ್ಲೇ ಉಳಿದಿತ್ತು.

ಗೇರ್‌ಬಾಕ್ಸ್ ಕಾಯತೊಡಗಿದಾಗ, ಅದರ ಎಣ್ಣೆ ತಂಪಾಗಲೆಂದು ಗ್ಯಾರೇಜಿನವರು ಕಾರಿನ ಮುಂಭಾಗದಲ್ಲಿ ಒಂದು ಕೂಲರ್ ಕೂರಿಸಿ, ಎಣ್ಣೆ ಹೋಗಿಬರಲು ಎರಡು ರಬ್ಬರ್ ಪೈಪು ಎಳೆದರು. ಅದರಲ್ಲೊಂದು ತಗಡಿಗೆ ಉಜ್ಜಿ ಉಜ್ಜಿ ಸವೆದು, ಬೇರೆಲ್ಲೂ ಜಾಗವೇ ಇಲ್ಲವೆಂಬಂತೆ, ಅಣ್ಣನ ಅಂಗಳದ ಹೊಚ್ಚಹೊಸ ಬಿಳಿ ಟೈಲ್ಸ್ ಮೇಲೆ ಒಡೆಯಿತು. ಆ ಎಣ್ಣೆಯ ಬಣ್ಣ ಕೆಂಪು. ಹೊರಗೆ ಬಂದ ಅತ್ತಿಗೆ ಯಾರಿಗೋ ಪೆಟ್ಟಾಗಿದೆ ಎಂದು ಕಿರುಚಿಕೊಂಡರು.

“ಸಾಕು ಈ ಗಾಡಿ. ಗಿರಾಕಿ ಅದಾನ, ಮಾರಿಬಿಡ್ತೀನಿ,” ಎಂದ ಅಣ್ಣ. “ನಿನಗ ಎಲ್ಲಿಗರ ಹೋಗೂದಿದ್ರ ಫೋನ್ ಮಾಡು, ನಾನ ಕರಕೊಂಡ ಹೋಗ್ತೀನಿ.”

ಅವನ ಜೊತೆ ಹೋಗುವುದೆಂದರೆ ಅವನ ಸಮಯ, ಅವನ ದಾರಿ, ದಾರಿಯುದ್ದಕ್ಕೂ ಅವನ ಉಪದೇಶ. ನನಗೆ ಮೈಯೆಲ್ಲ ಉರಿಯಿತು.

“ಸೋರೂದು ನಿಲ್ಲಿಸಿ ತರ್ತೀನಿ,” ಎಂದೆ.

“ತಗೊಂಡ ಬಾ. ಒಂದ ರಾತ್ರಿ ಇದ ಟೈಲ್ಸ್ ಮ್ಯಾಲ ನಿಲ್ಲಸು. ಒಂದ ಹನಿ ಬಿದ್ರೂ ಗಾಡಿ ಗಿರಾಕಿದು.”

ಒಡೆದ ಕಡೆ ಬೇರೆ ರಬ್ಬರ್ ಸಿಕ್ಕಿಸಿ, ಎಣ್ಣೆ ತುಂಬಿಸಿ ಹೇಗೋ ಮನೆ ಸೇರಿದೆ. ಉದ್ಯಮಬಾಗಿನಲ್ಲಿ ಯಂತ್ರಗಳಿಗೆ ಎಣ್ಣೆ ಪೈಪು ಮಾಡಿಕೊಡುವ ಫಿಟ್ಟರ್ ಒಬ್ಬರಿದ್ದರು. ಉಕ್ಕಿನ ಪೈಪೇ ಹಾಕೋಣ, ಇಂಜಿನ್ ಅಲುಗುವ ಕಡೆ ಮಾತ್ರ ಗೇಣುದ್ದ ರಬ್ಬರ್ ಇರಲಿ ಎಂದರು.

“ಆದ್ರ ಅಕ್ಕಾರ, ಪೈಪ ಎಲ್ಲೆಲ್ಲಿ ಹೊಳ್ಳಬೇಕು ಅಂತ ಮೊದ್ಲ ದಪ್ಪ ತಂತಿ ಬಗ್ಗಿಸಿ ತರ್ರಿ. ಅದನ್ನ ನೋಡಿ ನಾ ಪೈಪ ಬಗ್ಗಸ್ತೀನಿ.”

ಮುಂದಿನ ಗಾಲಿಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿ, ಗೋಣಿಚೀಲ ಹಾಸಿಕೊಂಡು, ಮೊಣಕಾಲಿಗೆ ಬೈಯುತ್ತ ಕಾರಿನ ಕೆಳಗೆ ಮಲಗಿದೆ. ಬಿಸಿ ಸೈಲೆನ್ಸರಿಗೆ ತಾಗದಂತೆ, ಫ್ಯಾನಿಗೆ ಸಿಗದಂತೆ, ತಗಡಿಗೆ ಉಜ್ಜದಂತೆ ಹೊರಳುವ ಎರಡು ತಂತಿ ತಯಾರಾಗುವಷ್ಟರಲ್ಲಿ ರವಿವಾರವೇ ಮುಗಿಯುತ್ತ ಬಂದಿತ್ತು. ಅವನ್ನು ಪಡಸಾಲೆಯಲ್ಲಿಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಅಣ್ಣ ಬಂದಿದ್ದ. ನನಗೆಂದು ತಂದ ಅಕ್ಕಿಯ ಚೀಲ ಬಾಗಿಲ ಬಳಿ ಇತ್ತು. ಅಂಗಳದ ಎರಡು ಕಂಬಗಳ ನಡುವೆ ನನ್ನ ತಂತಿಗಳು ಗೆರೆ ಎಳೆದಂತೆ ನೆಟ್ಟಗೆ ಬಿಗಿದುಕೊಂಡಿದ್ದವು. ಒಂದರ ಮೇಲೆ ಅವನ ಟವೆಲ್ ಆಗಲೇ ಒಣಗುತ್ತಿತ್ತು.

“ಹೊಸಾ ತಂತಿ ಯಾರ ಹಿಂಗ ಹಾಳ ಮಾಡಿದ್ರು? ಅರಿವಿ ಒಣಗಸಾಕ ಛಲೋ ಆತು ನೋಡು!”

ಆಗ ನಾನು ಅಂದದ್ದನ್ನು ಇಲ್ಲಿ ಬರೆಯಲಾರೆ. ಅರ್ಧ ಮರಾಠಿಯಲ್ಲಿತ್ತು, ಆ ಅರ್ಧವೇ ಹೆಚ್ಚು ಖಾರ. ತಂತಿ ಯಾತಕ್ಕೆಂದು ತಿಳಿದಾಗ ಅಣ್ಣನ ಮುಖ ಸಣ್ಣಗಾಯಿತು. ಆ ಮುಖ ನೋಡಿ ನನ್ನ ಸಿಟ್ಟು ಇಳಿದು, ತಲೆಯಲ್ಲೊಂದು ಕಿತಾಪತಿ ಹೊಳೆಯಿತು. ತಾನೇ ಮಾಡಿದ ಒಂದು ವಸ್ತುವನ್ನೂ ಈ ಮನುಷ್ಯ ಇಂದಿನವರೆಗೆ ಯಾರಿಗೂ ಕೊಟ್ಟವನಲ್ಲ, ಡಬ್ಬಿಯಲ್ಲಿನ ಒಂದು ಮೊಳೆಯನ್ನು ಕೂಡ.

“ನೆಟ್ಟಗ ಮಾಡಿದಾಂವ ನೀ. ಬಗ್ಗಸಾಂವನೂ ನೀನ,” ಎಂದು ಗೋಣಿಚೀಲ ಕೈಗೆ ಕೊಟ್ಟೆ.

ಇಸ್ತ್ರಿ ಮಾಡಿದ ಅಂಗಿಯಲ್ಲೇ ಕೆಳಗೆ ಹೋದ. ಮೊದಲು ಬರೀ ಗೊಣಗಾಟ. ಆಮೇಲೆ ಹುಕುಂ ಶುರುವಾಯಿತು: ಇಕ್ಕಳ ಕೊಡು, ಬ್ಯಾಟರಿ ಬೆಳಕು ಹಿಡಿ, ಆ ಕಡೆ ಸರಿ. “ಖರೇ ಅಂದ್ರ ನೀ ಬಗ್ಗಿಸಿದ್ದ ತಪ್ಪಿತ್ತು,” ಎಂದು ಅಲ್ಲಿಂದಲೇ ತೀರ್ಪು ಕೊಟ್ಟ. ನಾನು ತುಟಿ ಕಚ್ಚಿ ಹೌದೆಂದೆ. ಮರುದಿನ ಆಟೋದಲ್ಲಿ ಉದ್ಯಮಬಾಗಿಗೆ ಹೋಗುವಾಗ ತಂತಿಗಳನ್ನು ಮಡಿಲಲ್ಲಿಟ್ಟುಕೊಂಡು, ನನಗೂ ಮುಟ್ಟಲು ಬಿಡಲಿಲ್ಲ.

ಫಿಟ್ಟರ್ ಪೈಪುಗಳನ್ನು ಅದೇ ಪ್ರಕಾರ ಬಗ್ಗಿಸಿ, ಮನೆಗೆ ಬಂದು ಜೋಡಿಸಿ, ನಟ್ ಬಿಗಿದು, ಅಲುಗದಂತೆ ಕ್ಲಿಪ್ ಹಾಕಿದರು. ಅವರ ತಲೆಯ ಮೇಲೆ ನಿಂತು ಸಲಹೆ ಕೊಟ್ಟವರು ಯಾರೆಂದು ಹೇಳಬೇಕಿಲ್ಲ. ಆದರೂ ಶರತ್ತು ಶರತ್ತೇ. ಶನಿವಾರ ಖಾನಾಪುರಕ್ಕೆ ಹೋಗಿ ಕಾರನ್ನು ಬಿಳಿ ಟೈಲ್ಸ್ ಮೇಲೆ ನಿಲ್ಲಿಸಿ, ಹೊಟ್ಟೆ ತುಂಬ ಉಂಡು ಮಲಗಿದೆ.

ಬೆಳಿಗ್ಗೆ ಚಹಾಕ್ಕಿಡಲು ಅಡುಗೆಮನೆಗೆ ಹೋದಾಗ ಕಿಟಕಿಯಿಂದ ಅಂಗಳ ಕಂಡಿತು. ಕಾರಿನ ಮೂತಿಯ ಕೆಳಗೆ, ಬಿಳಿ ಟೈಲ್ಸ್ ಮೇಲೆ, ಕುಂಕುಮದ ಬೊಟ್ಟಿನಷ್ಟು ಕೆಂಪು. ಗಾಡಿ ಗಿರಾಕಿಯ ಪಾಲಾಯಿತು ಎಂದುಕೊಂಡೆ. ಅದರ ಬಾಜು ಅಣ್ಣ ಕುಕ್ಕರುಗಾಲಲ್ಲಿ ಕೂತಿದ್ದ. ಆ ಕಡೆ ಈ ಕಡೆ ನೋಡಿದ. ಹೆಗಲ ಮೇಲಿನ ಟವೆಲ್ ತೆಗೆದು ಆ ಹನಿಯನ್ನು ಒರೆಸಿದ. ಪಾನಾ ತಂದು, ಕಾರಿನ ಕೆಳಗೆ ತೂರಿ, ಒಂದು ನಟ್ ಬಿಗಿದ. ಟವೆಲನ್ನು ಕಲೆ ಒಳಗಾಗುವಂತೆ ಮಡಚಿ ಒಳಗೆ ಬಂದ.

“ಏನಾತ್ರಿ? ಸೋರೇತೇನು?” ಅತ್ತಿಗೆ ಕೇಳಿದರು.

“ಎಲ್ಲಿ ಸೋರತೈತಿ? ನಾ ಬಗ್ಗಿಸಿದ ಪೈಪದು,” ಎಂದ. ತನ್ನ ಟವೆಲ್ ತಾನೇ ಒಗೆಯಲು ಹೊರಟ. ಅತ್ತಿಗೆ ಬೆರಗಾಗಿ ನನ್ನ ಮುಖ ನೋಡಿದರು. ನಾನು ಚಹಾ ಸೋಸುತ್ತಿದ್ದೆ.

ಅಷ್ಟರಲ್ಲಿ ಗಿರಾಕಿಯ ಫೋನ್ ಬಂತು. ಅಣ್ಣ ಸೋಪು ಹತ್ತಿದ ಕೈಯಲ್ಲೇ ಎತ್ತಿ ಹೇಳಿದ: “ಇಲ್ರಿ, ಗಾಡಿ ಮಾರಂಗಿಲ್ಲ. ನಮ್ಮ ತಂಗಿಗೆ ಬೇಕಾಗೇತಿ.”

ಕಿತಾಪತಿ ನನ್ನದೇ, ಗೆದ್ದವಳೂ ನಾನೇ. ಆದರೂ ಆ ಮಾತು ಕೇಳಿ ಕಣ್ಣು ತುಂಬಿ ಬಂತು. ಚಹಾದ ಹಬೆ ಎಂದು ಅತ್ತಿಗೆಗೆ ಹೇಳಿದೆ.