ಹೊಸ ಕಾರಿನ ಎಂಜಿನ್ ಕೆಟ್ಟ ವರ್ಷ

ಪಾರ್ಶ್ವವಾಯು ನನ್ನ ಗಂಡನ ಬಲಗೈಯ ಜೊತೆಗೆ ಅವರ ತಮಿಳನ್ನೂ ಕಸಿದುಕೊಂಡಿತು.

ರಾಯಪುರಂನಲ್ಲಿ, ಬಂದರಿಗೆ ಹೋಗುವ ರಸ್ತೆಯಲ್ಲಿ, ನಮ್ಮದೊಂದು ಸಣ್ಣ ಹೋಟೆಲಿತ್ತು. ಉಡುಪಿ ಕಡೆಯಿಂದ ಚಿಕ್ಕ ವಯಸ್ಸಿನಲ್ಲಿ ಮದ್ರಾಸಿಗೆ ಬಂದ ಅವರು ಸೋದರಮಾವನ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ದೋಸೆ ಕಲ್ಲಿನ ಮುಂದೆ ನಿಂತು, ಕೊನೆಗೆ ಸ್ವಂತ ಗಲ್ಲಾದ ಹಿಂದೆ ಕೂತವರು. ಬರುವವರೆಲ್ಲ ಹಡಗಿನ ಕೆಲಸದವರು, ಲಾರಿಯವರು, ಮೀನು ಹರಾಜಿನ ಹೆಂಗಸರು. ಅವರ ಜೊತೆ ಮಾತಾಡಿ ಮಾತಾಡಿ ಇವರ ತಮಿಳು ಸಮುದ್ರ ದಂಡೆಯವರ ತಮಿಳೇ ಆಗಿಹೋಗಿತ್ತು. ನಿದ್ದೆಯಲ್ಲಿ ಕನವರಿಸುವುದು ಕೂಡ ಅದರಲ್ಲೇ. ನನ್ನ ಜೊತೆ ಮಾತ್ರ ಊರಿನ ಕನ್ನಡ. ಮಗಳು ಇಲ್ಲೇ ಹುಟ್ಟಿ ಬೆಳೆದವಳು; ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವುದು ಅವಳ ಅಭ್ಯಾಸ. ಅಪ್ಪ ಮಗಳ ಜಗಳ, ನಗು, ಎಲ್ಲ ತಮಿಳಿನಲ್ಲೇ ನಡೆಯುತ್ತಿತ್ತು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಮೇಲೆ ಅವರು ಆಡಿದ ಮೊದಲ ಮಾತು "ಬಾಯಾರಿಕೆ" ಎಂದು. ಪಕ್ಕದಲ್ಲಿದ್ದ ನರ್ಸ್ ತಮಿಳಿನಲ್ಲಿ ಏನೋ ಕೇಳಿದಳು. ಅವರು ನನ್ನ ಮುಖ ನೋಡಿದರು. ಮಗಳು ಅಳುತ್ತಾ "ಅಪ್ಪಾ, ನಾನ್ ಯಾರು ತೆರಿಯುದಾ?" ಎಂದು, ತನ್ನ ಗುರುತು ಸಿಕ್ಕಿತಾ ಎಂದು ಕೇಳಿದಾಗಲೂ ನನ್ನ ಕಡೆಗೇ ತಿರುಗಿ, "ಎಂತ ಹೇಳ್ತಾಳೆ ಇವಳು?" ಎಂದರು. ಮಾತುಗಳು ತೊದಲುತ್ತಿದ್ದವು, ಆದರೆ ಕನ್ನಡ ಇತ್ತು. ಐವತ್ತು ವರ್ಷ ಅನ್ನ ಕೊಟ್ಟ ಭಾಷೆ ಇರಲಿಲ್ಲ. ಎರಡು ಭಾಷೆ ಆಡುವವರಲ್ಲಿ ಒಮ್ಮೊಮ್ಮೆ ಹೀಗಾಗುವುದುಂಟು, ಒಂದು ಉಳಿದು ಇನ್ನೊಂದು ಮರೆಗೆ ಸರಿಯುತ್ತದೆ ಎಂದು ಡಾಕ್ಟರು ಹೇಳಿದರು. ಮತ್ತೆ ಬರಬಹುದು, ಬರದೆಯೂ ಇರಬಹುದು.

ಹೋಟೆಲನ್ನು ಬೇರೆಯವರಿಗೆ ಬಿಟ್ಟುಕೊಟ್ಟೆವು. ಪುರಸವಾಕ್ಕಂನ ನಮ್ಮ ಮನೆಯಿಂದ ವಾರಕ್ಕೆ ಕೆಲವು ಸಲ ಕಿಲ್ಪಾಕಿಗೆ, ಮಾತು ಕಲಿಸುವವರ ಬಳಿ ಹೋಗಬೇಕಿತ್ತು. ಆಟೋ ಹತ್ತುವುದು ಇಳಿಯುವುದು ಇವರಿಗೆ ದೊಡ್ಡ ಕಷ್ಟ. ಒಂದು ದಿನ ರಸ್ತೆಯ ಮಧ್ಯದಲ್ಲೇ ಕುಸಿದು ಕೂತರು. ಆವತ್ತು ಸಂಜೆ ಮಗಳು ಹೇಳಿದಳು, "ಅಮ್ಮ, ಒರು ಕಾರ್ ವಾಂಗಲಾಂ." ಕಾರು ತಗೊಳ್ಳೋಣ. ಸರಿ, ಓಡಿಸುವವರು ಯಾರು? ಅವಳಿಗೆ ವೇಳಚೇರಿಯಲ್ಲಿ ಅವಳದೇ ಸಂಸಾರ, ಕೆಲಸ. ನಾನೇ ಕಲಿತೆ. ಡ್ರೈವಿಂಗ್ ಸ್ಕೂಲಿನ ಮಾಸ್ಟರು ಬಹಳ ಸಭ್ಯ ಮನುಷ್ಯ. ನನ್ನ ಹಿಂದೆ ಇಡೀ ರಸ್ತೆ ಹಾರ್ನ್ ಹೊಡೆಯುತ್ತಿದ್ದಾಗ "ಅವರು ಬೇರೆ ಯಾರಿಗೋ ಹೊಡೀತಿದ್ದಾರೆ ಮಾ, ನೀವು ನಿಧಾನಕ್ಕೆ ಹೋಗಿ" ಎನ್ನುತ್ತಿದ್ದರು. ಲೈಸೆನ್ಸ್ ಕೈಗೆ ಬಂದ ದಿನ ಇವರು ಎಡಗೈಯಿಂದ ನನ್ನ ಬೆನ್ನು ತಟ್ಟಿ "ಭಾರೀ ಜೋರು ಮಾರಾಯ್ತಿ ನೀನು" ಎಂದರು. ಇಡೀ ವಾಕ್ಯ, ಒಂದೂ ತೊದಲಿರಲಿಲ್ಲ.

ಬಿಳಿಯ ಸಣ್ಣ ಪೆಟ್ರೋಲ್ ಕಾರು. ಮುಂದಿನ ಸೀಟು ಎತ್ತರಕ್ಕಿದ್ದುದರಿಂದ ಇವರಿಗೆ ಕೂರಲು ಸುಲಭ. ಕಿಲ್ಪಾಕಿಗೆಂದು ಹೊರಟವರು ಸ್ವಲ್ಪ ಸುತ್ತಿ ಬರಲು ಶುರುಮಾಡಿದೆವು. ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಇವರು ಎದುರಿನ ಅಂಗಡಿಯ ಬೋರ್ಡನ್ನು ದಿಟ್ಟಿಸುತ್ತಾ ತುಟಿ ಅಲ್ಲಾಡಿಸುತ್ತಿದ್ದರು. "ಮ... ಮರು... ಮರುಂದು." ಔಷಧಿ ಅಂಗಡಿ. ತಮಿಳಿನ ಅಕ್ಷರ! ನಾನು ಸಿಗ್ನಲ್ ಬಿಟ್ಟದ್ದೂ ಗೊತ್ತಾಗದೆ ಕೂತಿದ್ದೆ. ಮಾತು ಕಲಿಸುವ ಹುಡುಗಿಗೆ ಹೇಳಿದಾಗ ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. "ಆಂಟಿ, ದಿನಾ ಕರೆದುಕೊಂಡು ಹೋಗಿ. ಅವರಿಗೆ ಗೊತ್ತಿರೋ ರಸ್ತೆಗಳಿಗೇ ಹೋಗಿ. ಇಲ್ಲಿ ಕೂತು ನಾನು ಚಿತ್ರ ತೋರಿಸೋದಕ್ಕಿಂತ ಅದು ಒಳ್ಳೇದು" ಎಂದಳು.

ದಿನಾ ಹೋದೆವು. ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೋಯಂಬೇಡು. ಹೋಟೆಲಿಗೆ ತರಕಾರಿ ತರಲು ವರ್ಷಗಟ್ಟಲೆ ಓಡಾಡಿದ ಮಾರ್ಕೆಟ್ಟು. ನಾನು ಗೇಟಿನ ಪಕ್ಕ ಕಾರು ನಿಲ್ಲಿಸಿ ಗಾಜು ಇಳಿಸುತ್ತಿದ್ದೆ. ಮೂಟೆ ಹೊತ್ತವರು ದಾರಿ ಬಿಡಿ ಎಂದು ಕೂಗುತ್ತಾ ಹೋಗುವರು, ಕೊಳೆತ ಎಲೆಕೋಸಿನ ವಾಸನೆ ಒಳಗೆ ನುಗ್ಗುವುದು, ಇವರ ಮುಖ ಅರಳುವುದು. ಟೊಮೆಟೊಗೆ ತಕ್ಕಾಳಿ, ಈರುಳ್ಳಿಗೆ ವೆಂಗಾಯಂ, ನುಗ್ಗೆಗೆ ಮುರುಂಗಕ್ಕಾಯಿ. ಒಂದೊಂದೇ ಹೆಸರು ಹಿಂದಿರುಗಿ ಬಂತು. ಒಂದು ದಿನ ಕಾರಿಗೆ ಒರಗಿ ಬೀಡಿ ಸೇದುತ್ತಿದ್ದವನಿಗೆ ಕಿಟಕಿಯಿಂದಲೇ "ಯೋವ್, ತಳ್ಳಿ ನಿಲ್ಲಯ್ಯಾ!" ಎಂದು ಗದರಿದರು. ಆ ಕಡೆ ನಿಲ್ಲು ಅಂತ. ಅವನು ಬೆಚ್ಚಿ ಸರಿದ. ನಾವಿಬ್ಬರೂ ಮನೆಯ ತನಕ ನಕ್ಕೆವು. ರಾತ್ರಿ ಮಗಳಿಗೆ ಫೋನ್ ಮಾಡಿ ಅವರೇ "ಸಾಪ್ಟಿಯಾ?" ಎಂದು ಕೇಳಿದರು. ಊಟ ಆಯ್ತಾ ಎಂಬ ಒಂದೇ ಮಾತು.

ಆ ವರ್ಷ ಕಾರ್ತಿಕದ ಮಳೆ ಜೋರಾಗಿಯೇ ಹಿಡಿಯಿತು. ಮಳೆ ಸುರಿದಷ್ಟು ದಿನ ನಾನು ಕಾರು ತೆಗೆಯಲಿಲ್ಲ. ನಮ್ಮ ಕಟ್ಟಡದ ಮೆಟ್ಟಿಲ ತನಕ ನೀರು ಬಂದು ನಿಂತು ಇಳಿಯಿತು. ಕಾರು ನಿಲ್ಲಿಸುವ ಜಾಗ ಎತ್ತರದಲ್ಲಿದ್ದುದರಿಂದ ಟೈರಿಗೂ ಮುಟ್ಟಲಿಲ್ಲ. ರಸ್ತೆಗಳು ಪೂರ್ತಿ ಒಣಗಿ, ಬಿಸಿಲು ಬಂದ ಮೇಲೆ ಒಂದು ಬೆಳಿಗ್ಗೆ ಕೋಯಂಬೇಡಿಗೆ ಹೋಗಿ ಹಿಂದಿರುಗುತ್ತಿದ್ದೆವು. ಅಮಿಂಜಿಕರೈ ದಾಟುವಾಗ ಬಾನೆಟ್ಟಿನೊಳಗಿಂದ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಶಬ್ದ ಶುರುವಾಯಿತು. ನಾನು ಬದಿಗೆ ತೆಗೆದುಕೊಳ್ಳುವಷ್ಟರಲ್ಲಿ ದೊಡ್ಡದೊಂದು ಸದ್ದಾಗಿ ಎಂಜಿನ್ ನಿಂತೇಹೋಯಿತು. ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಿತು. ಕನ್ನಡಿಯಲ್ಲಿ ನೋಡಿದರೆ ನಾವು ಬಂದ ದಾರಿಯುದ್ದಕ್ಕೂ ಕಪ್ಪು ಎಣ್ಣೆ.

ಹಿಂದಿನಿಂದ ಬಸ್ಸುಗಳು ಅರಚಿಕೊಳ್ಳುತ್ತಿದ್ದವು. ಇವರು ಎಡಗೈಯಿಂದ ನನ್ನ ಮೊಣಕೈ ಹಿಡಿದುಕೊಂಡರು. "ಹೆದರ್ಬೇಡ. ನಿನ್ನ ತಪ್ಪಲ್ಲ. ಹೊಸ ಗಾಡಿ ಅಲ್ವಾ, ಅವರು ನೋಡಿಕೊಳ್ತಾರೆ" ಎಂದರು.

ನಾನೂ ಹಾಗೆಯೇ ನಂಬಿದ್ದೆ. ಕಾರು ತಗೊಂಡು ವರ್ಷವೂ ಆಗಿರಲಿಲ್ಲ.

ಸರ್ವಿಸ್ ಸೆಂಟರಿನಲ್ಲಿ ಆಗ ಕಾಲಿಡಲು ಜಾಗವಿರಲಿಲ್ಲ. ಮಳೆಯಲ್ಲಿ ಮುಳುಗಿದ ಕಾರುಗಳು ಸಾಲು ಸಾಲಾಗಿ, ಬಾಗಿಲು ತೆರೆದುಕೊಂಡು, ಸೀಟು ಒಣಗಿಸಿಕೊಳ್ಳುತ್ತಾ ನಿಂತಿದ್ದವು. ಕೆಲವು ದಿನಗಳ ನಂತರ ಕರೆ ಬಂತು, ಎಂಜಿನ್ನಿಗೆ ನೀರು ಹೋದ ಹಾಗಿದೆ, ಬಂದು ನೋಡಿ ಎಂದು. ಇವರು ತಾನೂ ಬರುತ್ತೇನೆಂದು ಹಟ ಹಿಡಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿಕೊಂಡರು, ಹೋಟೆಲಿಗೆ ಹಾಕಿಕೊಂಡು ಹೋಗುತ್ತಿದ್ದಂಥದು.

ಮ್ಯಾನೇಜರ್ ಎಳೆಯ ವಯಸ್ಸಿನವನು. ನಿದ್ದೆಗೆಟ್ಟ ಕಣ್ಣು. ಎರಡು ಫೋನುಗಳ ನಡುವೆ ನಮ್ಮ ಜೊತೆ ಮಾತಾಡಿದ. "ತಣ್ಣಿ ಉಳ್ಳೆ ಪೋಯಿಡ್ಚು ಮಾ," ಎಂದ. ನೀರು ಒಳಗೆ ಹೋಗಿದೆ. ನಿಂತ ನೀರಿನಲ್ಲಿ ಓಡಿಸಿದ್ದೀರಿ, ಅದಕ್ಕೇ ಎಂಜಿನ್ನಿನೊಳಗಿನ ರಾಡು ಮುರಿದು ಪಕ್ಕದಲ್ಲಿ ತೂತು ಮಾಡಿಕೊಂಡು ಹೊರಗೆ ಬಂದಿದೆ. ಇದು ವಾರಂಟಿಗೆ ಬರುವುದಿಲ್ಲ.

"ನೀರಿಗೆ ಇಳಿಸಿಯೇ ಇಲ್ಲ," ಎಂದೆ.

"ಎಲ್ಲರೂ ಹಾಗೇ ಹೇಳ್ತಾರೆ ಮಾ."

ಆಗ ಇವರು ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಏನು ಹೇಳಬೇಕೆಂದು ಅವರಿಗೆ ಗೊತ್ತಿತ್ತು. ತಣ್ಣಿ ಇಲ್ಲೆ, ರೋಡು ಕಾಂಜಿರುಂದುದು. ನೀರಿರಲಿಲ್ಲ, ರಸ್ತೆ ಒಣಗಿತ್ತು. ಅಷ್ಟೇ. ಬರುವಾಗ ದಾರಿಯುದ್ದಕ್ಕೂ ಆಟೋದಲ್ಲಿ ನನ್ನ ಜೊತೆ ಅದನ್ನೇ ಹೇಳಿ ಹೇಳಿ ಅಭ್ಯಾಸ ಮಾಡಿದ್ದರು. "ತ..." ಎಂದರು. "ತ... ತಣ್..." ಕುತ್ತಿಗೆಯ ನರ ಉಬ್ಬಿತು. ತುಟಿಯ ಒಂದು ಕೊನೆಯಿಂದ ಜೊಲ್ಲು ಇಳಿಯಿತು. ಕೊನೆಗೆ ಕನ್ನಡದಲ್ಲಿ, ಎತ್ತರದ ದನಿಯಲ್ಲಿ, "ನೀರಿಲ್ಲ! ನಾನು ಇದ್ದೆ!" ಎಂದರು.

ಮ್ಯಾನೇಜರ್ ನನ್ನ ಕಡೆ ತಿರುಗಿ, "ಸಾರ್‌ನ ಹೊರಗೆ ಕೂರಿಸಿ ಮಾ, ಅವರಿಗೆ ಯಾಕೆ ತೊಂದರೆ?" ಎಂದ. ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಮಗುವಿನ ಬಗ್ಗೆ ಹೇಳುವ ಹಾಗೆ ಹೇಳಿದ.

"ಅವರು ನನ್ನ ಪಕ್ಕದಲ್ಲೇ ಕೂತಿದ್ದವರು. ಅವರು ಹೇಳ್ತಿರೋದನ್ನ ಕೇಳಿ," ಎಂದೆ ತಮಿಳಿನಲ್ಲಿ. ಸುತ್ತ ಕಾಯುತ್ತಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಇವರು ನನ್ನ ಸೆರಗು ಎಳೆದರು. "ಸಾಕು. ಹೋಗುವ," ಎಂದರು. ಮಧ್ಯಾಹ್ನದ ಊಟಕ್ಕೆ ಇಡೀ ಬಂದರು ಬಂದು ಕೂತರೂ ಗಲ್ಲಾದಿಂದಲೇ ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದ ಮನುಷ್ಯ. ಮನೆಗೆ ಬಂದು ಆ ಬಿಳಿ ಅಂಗಿಯ ಗುಂಡಿಗಳನ್ನು ನಾನು ಬಿಚ್ಚುತ್ತಿದ್ದಾಗ ಗೋಡೆ ನೋಡುತ್ತಾ ನಿಂತಿದ್ದರು.

ಆಮೇಲಿನ ತಿಂಗಳುಗಳು ಒಂದೇ ಥರ. ನಾನು ಕಂಪನಿಗೆ ಬರೆಯುವುದು, ನಿಮ್ಮ ದೂರು ಪರಿಶೀಲನೆಯಲ್ಲಿದೆ ಎಂದು ಅವರು ಉತ್ತರಿಸುವುದು, ಮತ್ತೆ ಬರೆಯುವುದು. ಮಗಳು ರಜೆ ಹಾಕಿ ಬಂದು ಸರ್ವಿಸ್ ಸೆಂಟರಿನಲ್ಲಿ ಜಗಳಾಡಿದಳು. ಗ್ರಾಹಕರ ಕೋರ್ಟಿಗೆ ಹೋಗುತ್ತೇವೆಂದು ವಕೀಲರ ಮೂಲಕ ತಿಳಿಸಿದೆವು. ಈ ನಡುವೆ ಇವರನ್ನು ಆಟೋದಲ್ಲಿ ಕಿಲ್ಪಾಕಿಗೆ ಕರೆದೊಯ್ಯಲು ನೋಡಿದೆ. ಬರಲಿಲ್ಲ. ಬಾಡಿಗೆ ಕಾರು ತರಿಸಿದೆ. ಮೆಟ್ಟಿಲವರೆಗೆ ಬಂದು, ಡ್ರೈವರ್ ತಮಿಳಿನಲ್ಲಿ "ವಾಂಗ ಸಾರ್", ಬನ್ನಿ, ಎಂದದ್ದೇ ತಡ, ಹಿಂದಿರುಗಿದರು. ಮಾತು ಕಲಿಸುವ ಹುಡುಗಿ ಮನೆಗೇ ಬಂದಳು. ಅವಳು ಟೊಮೆಟೊ ಎತ್ತಿ ಹಿಡಿದರೆ ಇವರು ಕಣ್ಣು ಮುಚ್ಚಿಕೊಂಡು ಕೂತರು. ಮಗಳ ಫೋನು ಬಂದರೆ ಕೈಯಾಡಿಸಿ ನನಗೆ ಕೊಡುವರು. ಬಂದಿದ್ದ ಪದಗಳು ಯಾವಾಗ ಹೋದವೆಂದು ನನಗೆ ಹೇಳಲು ಬರುವುದಿಲ್ಲ. ಒಂದು ದಿನ ಹುಳಿಗೆ ಹೆಚ್ಚುತ್ತಾ "ಇದಕ್ಕೆ ಇಲ್ಲಿ ಎಂತ ಹೇಳ್ತಾರೆ?" ಎಂದು ನುಗ್ಗೆಕಾಯಿ ತೋರಿಸಿದೆ. ಬಹಳ ಹೊತ್ತು ನೋಡಿದರು. "ನುಗ್ಗೆ," ಎಂದರು. "ಇಲ್ಲಿ ಅಂದ್ರೆ ಎಲ್ಲಿ?"

ನಾನು ಒಲೆಯ ಕಡೆ ತಿರುಗಿಕೊಂಡೆ.

ಬೇಸಿಗೆ ಬರುವ ಹೊತ್ತಿಗೆ ಕಂಪನಿಯವರು ಬೇರೆ ಊರಿನಿಂದ ಒಬ್ಬ ಎಂಜಿನಿಯರನ್ನು ಕಳಿಸಿದರು. ಆತ ಎಂಜಿನ್ ಪೂರ್ತಿ ಬಿಚ್ಚಿಸಿದ. ಗಾಳಿ ಹೋಗುವ ಫಿಲ್ಟರು ಒಣಗಿತ್ತು, ಒಳಗೆಲ್ಲೂ ನೀರಿನ ಗುರುತಿರಲಿಲ್ಲ, ಕೆಸರಿರಲಿಲ್ಲ. ರಾಡನ್ನು ಬಿಗಿದಿದ್ದ ಬೋಲ್ಟಿನಲ್ಲೇ ದೋಷವಿತ್ತು, ಕಾರ್ಖಾನೆಯಲ್ಲೇ ಆದದ್ದು. ಅದು ತುಂಡಾಗಿ ಉಳಿದದ್ದೆಲ್ಲ ಆಗಿದೆ. ನೀವು ಬೇರೆ ಏನು ಮಾಡಿದ್ದರೂ ಇದು ಆಗುತ್ತಿತ್ತು ಎಂದು ಫೋನಿನಲ್ಲಿ ಹೇಳಿ, ಕ್ಷಮೆ ಕೇಳಿದ. ಹೊಸ ಎಂಜಿನ್ ಹಾಕಿಕೊಡುತ್ತೇವೆ, ಪೂರ್ತಿ ವಾರಂಟಿಯಲ್ಲೇ.

ನಾನು ಓಡಿಹೋಗಿ ಇವರಿಗೆ ಹೇಳಿದೆ. "ನೀವು ಹೇಳಿದ್ದೇ ಸರಿ ಅಂತೆ. ನೀರೇ ಇರಲಿಲ್ಲ ಅಂತ ಅವರೂ ಒಪ್ಪಿಕೊಂಡ್ರು."

"ಯಾವ ನೀರು?" ಎಂದರು.

ಕಾರು ಮನೆಗೆ ಬಂತು. ತೊಳೆದು, ಮೇಣ ಹಚ್ಚಿ, ಸ್ಟೀರಿಂಗಿಗೆ ಹೂವಿನ ಹಾರ ಬೇರೆ ಹಾಕಿ ತಂದುಕೊಟ್ಟರು. ಬಂದವರು ನನ್ನಿಂದ ಸಹಿ ಹಾಕಿಸಿಕೊಂಡು, ಕೀ ಹಿಡಿದು ನಿಂತ ನನ್ನ ಫೋಟೋ ತೆಗೆದುಕೊಂಡು ಹೋದರು.

ಇವರನ್ನು ಕಾರಿನೊಳಗೆ ಕೂರಿಸಲು ಮತ್ತೂ ಕೆಲವು ವಾರ ಹಿಡಿಯಿತು. ಒಂದು ಭಾನುವಾರ ಬೆಳಿಗ್ಗೆ, ಯಾಕೋ ಏನೋ, ತಾವೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತರು. ಕೋಯಂಬೇಡಿನ ಕಡೆ ಹೋಗುವ ಧೈರ್ಯ ನನಗಾಗಲಿಲ್ಲ. ರಾಯಪುರಂಗೆ ಓಡಿಸಿದೆ. ಹಳೆಯ ಹೋಟೆಲಿನ ಜಾಗದಲ್ಲಿ ಈಗ ಯಾರೋ ಬಿರಿಯಾನಿ ಅಂಗಡಿ ಇಟ್ಟಿದ್ದಾರೆ. ಅದನ್ನು ದಾಟಿ, ಮೀನು ಬಂದರಿನ ಹತ್ತಿರ, ಗಾಳಿ ಬರುವ ಕಡೆ ನಿಲ್ಲಿಸಿದೆ. ಇವರು ಬಲೆ ರಿಪೇರಿ ಮಾಡುತ್ತಿದ್ದವರನ್ನು ನೋಡುತ್ತಾ ಕೂತಿದ್ದರು.

ರಸ್ತೆಯಾಚೆಯಿಂದ ಲುಂಗಿ ಉಟ್ಟ ಮುದುಕರೊಬ್ಬರು ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮ ಕಾರಿನ ಕಡೆ ನೋಡಿದರು. ಆಮೇಲೆ ಓಡಿಬಂದರು. ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವರು, ನಮ್ಮ ಹೋಟೆಲಿನಲ್ಲಿ ದಿನಾ ಬೆಳಗಿನ ಪೊಂಗಲ್ ತಿಂದವರು. ಕಿಟಕಿಯೊಳಗೆ ಕೈ ಹಾಕಿ ಇವರ ಕೈ ಹಿಡಿದುಕೊಂಡರು. "ಮೊದಲಾಳಿ! ಎಪ್ಪಡಿ ಇರುಕ್ಕೀಂಗ ಮೊದಲಾಳಿ?" ಎಂದರು. ಹೋಟೆಲಿಗೆ ಬರುವವರಿಗೆಲ್ಲ ಇವರು ಮೊದಲಾಳಿ, ಯಜಮಾನರು.

ಇವರು ನಕ್ಕರು. ಗುರುತು ಸಿಕ್ಕಿತ್ತು, ಅದು ಕಣ್ಣಿನಲ್ಲೇ ತಿಳಿಯುತ್ತಿತ್ತು. ಕೈಯನ್ನು ಬಿಗಿಯಾಗಿ ಹಿಡಿದುಕೊಂಡೂ ಇದ್ದರು. ಆ ಮನುಷ್ಯ ಮತ್ತೊಮ್ಮೆ ಕೇಳಿದರು, ಇನ್ನೂ ಗಟ್ಟಿಯಾಗಿ, ಕಿವುಡರನ್ನು ಕೇಳುವ ಹಾಗೆ. ಇವರು ನನ್ನ ಕಡೆ ತಿರುಗಿದರು.

"ಎಂತ ಹೇಳ್ತಾನೆ?"

"ಹೇಗಿದ್ದೀರಿ ಅಂತ ಕೇಳ್ತಿದ್ದಾರೆ."

ಇವರು ಆ ಕೈ ಬಿಡದೆಯೇ ಹೇಳಿದರು. "ಚೆಂದ ಇದ್ದೇನೆ ಅಂತ ಹೇಳು. ಅವನ ಮಕ್ಕಳೆಲ್ಲ ಹೇಗಿದ್ದಾರೆ ಕೇಳು."

ನಾನು ಕಿಟಕಿಯ ಕಡೆ ಬಾಗಿ ತಮಿಳಿನಲ್ಲಿ ಹೇಳಿದೆ, ಕೇಳಿದೆ. ಆ ಮನುಷ್ಯ ಒಮ್ಮೆ ನನ್ನನ್ನು, ಒಮ್ಮೆ ಇವರನ್ನು ನೋಡಿದರು. ಅವರ ಮುಖದಲ್ಲಿದ್ದ ನಗು ನಿಧಾನಕ್ಕೆ ಇಳಿಯಿತು. ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡು, ನನಗೆ ಹೇಳಬೇಕಾದ್ದನ್ನು ಇವರಿಗೇ ಹೇಳಿದರು. ಮಗಳ ಮದುವೆಯಾಯಿತು, ಮಗ ಮಣಲಿಯಲ್ಲಿ ಎಣ್ಣೆ ಕಾರ್ಖಾನೆಯಲ್ಲಿದ್ದಾನೆ, ಮೊಮ್ಮಗು ಹುಟ್ಟಿದೆ. ಒಂದೊಂದು ಮಾತಿಗೂ ನಿಲ್ಲಿಸಿ ನನಗಾಗಿ ಕಾದರು. ನಾನು ಕನ್ನಡಕ್ಕೆ ತಿರುಗಿಸಿ ಹೇಳಿದ ಮೇಲೆ ಇವರು ತಲೆಯಾಡಿಸಿದರೆ, ಆಮೇಲೆ ಮುಂದಿನದು.