ವಿದೇಶಿಯರು ಹೊರಡುವ ದೃಶ್ಯ

ಹೊಸಪೇಟೆಯ ಚಿತ್ತವಾಡಗಿಯಲ್ಲಿ ಗೋಬಿ ಮಂಚೂರಿ ಗಾಡಿ ಇಟ್ಟಿರುವ ಫೂಲ್‌ಮಾಯಾ ಥಾಪಾಳನ್ನು ಊರವರು ಮಾಯಕ್ಕ ಎನ್ನುತ್ತಾರೆ. ಅವಳ ಕೈರುಚಿಯನ್ನು ಹೊಗಳುವವರು, "ಅವ್ರ ದೇಶದ ಅಡಿಗಿ ನೋಡ್ರಿ, ಅವ್ರ ಕೈಗೇ ಒಗ್ಗತೈತಿ" ಎಂದೇ ಹೊಗಳುತ್ತಾರೆ. ನೇಪಾಳದ ರೋಲ್ಪಾ ಬೆಟ್ಟಗಳಲ್ಲಿ ಹುಟ್ಟಿದ ಮಾಯಕ್ಕ ಗೋಬಿ ಮಂಚೂರಿಯನ್ನು ಮೊದಲ ಸಲ ನೋಡಿದ್ದೇ ಹೊಸಪೇಟೆಯಲ್ಲಿ. ಕಲಿಸಿದವನು ಗಾದಿಗನೂರಿನ ಮೂಕಣ್ಣ. ಮೊಣಕಾಲು ನೋವೆಂದು ಗಾಡಿಯನ್ನು ಅವಳಿಗೆ ಬಿಟ್ಟುಕೊಟ್ಟ ಅವನು ಈಗಲೂ ಬಂದು ಒಂದು ಪ್ಲೇಟು ತಿಂದು, "ಹಿಟ್ಟು ಜಾಸ್ತಿ ಆತು" ಎಂದು ತಪ್ಪು ತೆಗೆದು ಹೋಗುತ್ತಾನೆ. ಅವನು ಗಾಡಿ ನಡೆಸುತ್ತಿದ್ದಷ್ಟು ದಿನ ಅದು ಯಾವ ದೇಶದ ಅಡುಗೆಯೆಂದು ಯಾರೂ ಯೋಚಿಸಿರಲಿಲ್ಲ.

ಮಗಳು ಹುಟ್ಟಿದ್ದು ಹೊಸಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ. ಭವ್ಯ ಎಂದು ಹೆಸರಿಟ್ಟವಳು ಪಕ್ಕದ ಮನೆಯ ಉಚ್ಚಂಗೆಮ್ಮ. ತಾಯಿಯನ್ನು 'ಆಮಾ' ಎಂದು ಕರೆಯುವುದನ್ನು ಬಿಟ್ಟರೆ ಅವಳ ಬಾಯಲ್ಲಿ ನೇಪಾಳಿ ಹೆಚ್ಚೇನೂ ಉಳಿದಿಲ್ಲ. ಸಂಡೂರು ರಸ್ತೆಯ ಶಾಲೆಯಲ್ಲಿ ಈಗ ಐದನೇ ತರಗತಿ. ನಾನೂರು ಮಕ್ಕಳಲ್ಲಿ ತಾಯಿಯಂಥ ಸಣ್ಣ ಕಣ್ಣು, ಉಬ್ಬಿದ ಕೆನ್ನೆ ಅವಳೊಬ್ಬಳದೇ.

ಆ ಶಾಲೆಯ ವಾರ್ಷಿಕೋತ್ಸವದಲ್ಲಿ ಹಂಪಿಯ ವೈಭವದ ನಾಟಕ ಇರಲೇಬೇಕು. ಆ ವೈಭವಕ್ಕೆ ಬೆರಗಾಗಲು ಒಬ್ಬ ವಿದೇಶಿ ಬೇಕೇ ಬೇಕು. ಭವ್ಯ ಒಂದನೇ ತರಗತಿಯಲ್ಲಿ ಚೀನಾದ ರೇಷ್ಮೆ ವ್ಯಾಪಾರಿಯಾದಳು, ಎರಡರಲ್ಲಿ ಪರ್ಷಿಯಾದ ರಾಯಭಾರಿ, ಮೂರರಲ್ಲಿ ಪೋರ್ಚುಗಲ್ಲಿನ ಕುದುರೆ ಮಾರುವವನು, ನಾಲ್ಕರಲ್ಲಿ ಮತ್ತೆ ಚೀನಾ. ದೇಶ ಬದಲಾಗುತ್ತಿತ್ತು, ಕೆಲಸ ಅದೇ. ವಿದೇಶಿಗೆ ತೊದಲುಗನ್ನಡವೇ ಇರಬೇಕಲ್ಲ. ಅದನ್ನು ಅವಳಿಗೆ ಕಲಿಸಲು ಮಾತ್ರ ವಾರಗಟ್ಟಲೆ ಹಿಡಿಯುತ್ತಿತ್ತು.

ಕೊನೆಯ ದೃಶ್ಯಕ್ಕೆ ಮುಂಚೆ ವಿದೇಶಿಯರು ತಮ್ಮ ದೇಶಕ್ಕೆ ಮರಳುತ್ತಾರೆ. ಆಮೇಲೆ ಊರವರೆಲ್ಲ ವೇದಿಕೆ ಮೇಲೆ ಸೇರಿ ನಾಡಗೀತೆ ಹಾಡುತ್ತಾರೆ. ಫೋಟೋ ತೆಗೆಯುವುದು ಆಗಲೇ. ಹಾಗೆ ತೆಗೆದ ನಾಲ್ಕು ವರ್ಷದ ಫೋಟೋಗಳು ಶಾಲೆಯ ಪಡಸಾಲೆಯಲ್ಲಿ ಸಾಲಾಗಿ ನೇತಾಡುತ್ತವೆ. ಒಂದರಲ್ಲೂ ಭವ್ಯ ಇಲ್ಲ. ಅವಳು ಪರದೆಯ ಹಿಂದೆ ವೇಷ ಬಿಚ್ಚುತ್ತಿರುತ್ತಾಳೆ.

"ಈ ಸಲ ನಾ ಫೋಟೋದಾಗ ಇರ್ಬೇಕು ಆಮಾ," ಎಂದಳು ಭವ್ಯ. "ಇಲ್ಲಂದ್ರ ನಂಗ ನಾಟಕಾನ ಬ್ಯಾಡ."

ಶಾಲೆಯವರನ್ನು ಎಂದೂ ಏನೂ ಕೇಳದ ಮಾಯಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು, ನಾಟಕ ಆಡಿಸುವ ದೇವಿಕಾ ಟೀಚರನ್ನು ಕಾಣಲು ಹೋದಳು.

"ಟೀಚರ್, ಈ ಸಲ ಆಕಿಗೆ ಊರಾಕಿ ಪಾರ್ಟ್ ಕೊಡ್ರಿ. ಹೂವು ಮಾರಾಕಿ ಆದ್ರೂ ಆತು."

ದೇವಿಕಾ ಕೆಟ್ಟವಳಲ್ಲ. ಕುರ್ಚಿ ಎಳೆದು ಕೂರಿಸಿದಳು. "ಹೂವು ಮಾರಾಕ ಹತ್ತು ಮಂದಿ ಅದಾರ್ರಿ ಮಾಯಕ್ಕ. ವಿದೇಶಿ ಅಂದ್ರ ಭವ್ಯ ಒಬ್ಬಾಕಿನ. ಒಂದು ಮೀಸಿ ಅಂಟಿಸಿದ್ರ ಮುಗೀತು."

"ಹಂಗಾದ್ರ ಕೊನಿಗೆ ಹಾಡು ಹೇಳಾಕರ ನಿಲ್ಲಿಸ್ರಿ."

"ಹೆಂಗ ನಿಲ್ಲಿಸ್ಲಿ? ಅಷ್ಟೊತ್ತಿಗೆ ಅವ್ರು ವಾಪಸ್ ಹೋಗಿರ್ತಾರಲ್ರಿ. ಇತಿಹಾಸ ಅದು."

"ಎಲ್ರೂ ಹೋದ್ರೇನ್ರಿ ಟೀಚರ್?" ಮಾಯಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಒಬ್ರರ ಇಲ್ಲೇ ಉಳ್ಕೊಂಡಿರ್ಬೇಕಲ್ರಿ. ಇಲ್ಲೇ ಮನಿ ಮಾಡಿ, ಮಕ್ಳು ಹುಟ್ಟಿ..."

ದೇವಿಕಾ ಮೇಜಿನ ಮೇಲಿದ್ದ ಪಾಠಪುಸ್ತಕ ತಿರುವಿದಳು. "ಪುಸ್ತಕದಾಗ ಇಲ್ರಿ," ಎಂದಳು.

ವಾರ್ಷಿಕೋತ್ಸವದ ದಿನ ಭವ್ಯ ಮತ್ತೆ ಪೋರ್ಚುಗಲ್ಲಿನವನೇ. ಟೊಪ್ಪಿಗೆ, ಕರಿ ಮೀಸೆ. ಐದನೇ ಸಾಲಿನಲ್ಲಿ ಕೂತ ಮಾಯಕ್ಕ ಹೊರಡುವ ದೃಶ್ಯ ಬಂದೊಡನೆ ತಲೆ ತಗ್ಗಿಸಿದಳು.

"ಮಹಾರಾಜಾ... ನಾನು... ಹೋಗುವುದು," ಎಂದಳು ಭವ್ಯ.

"ಹೋಗಿ ಬಾ, ಮಿತ್ರನೇ," ಎಂದ ಮಹಾರಾಜನಾಗಿದ್ದ ಹುಲಿಗೇಶ್.

ಭವ್ಯ ಕದಲಲಿಲ್ಲ. ಹುಲಿಗೇಶ್ ಇನ್ನೊಮ್ಮೆ ಬೀಳ್ಕೊಟ್ಟ. ಮೂರನೆಯ ಸಲ ದನಿ ತಗ್ಗಿಸಿ ಹೇಳಿದ್ದನ್ನೂ ಮೈಕು ಇಡೀ ಮೈದಾನಕ್ಕೆ ಕೇಳಿಸಿತು: "ಲೇ ಭವ್ಯ, ಹೋಗಲೇ."

"ಎಲ್ಲಿಗಿ ಹೋಗ್ಲಿ? ನಮ್ಮನಿ ಇಲ್ಲೇ ಐತಲ್ಲಲೇ," ಎಂದಳು ಭವ್ಯ. ಟೊಪ್ಪಿಗೆ ತೆಗೆದಿಟ್ಟು ಹೂವು ಮಾರುವವರ ನಡುವೆ ಹೋಗಿ ನಿಂತಳು. ಆ ಹುಡುಗಿಯರು ಅತ್ತಿತ್ತ ಸರಿದು ಜಾಗ ಕೊಟ್ಟರು. ಬೇರೇನೂ ತೋಚದೆ ದೇವಿಕಾ ಹಾಡು ಶುರು ಮಾಡಿಸಿದಳು. ಫೋಟೋದವನು ಮುಂದೆ ಬಂದ.

ಜನ ನಕ್ಕರು, ಆಮೇಲೆ ಚಪ್ಪಾಳೆ ತಟ್ಟಿದರು. ಅತಿಥಿಯಾಗಿ ಬಂದಿದ್ದ ಗುತ್ತಿಗೆದಾರ ಲಿಂಗರಾಜ್ ಮೈಕು ಹಿಡಿದು, "ನೋಡ್ರಿ, ನಮ್ಮ ವಿಜಯನಗರ ಎಂಥಾದ್ದು! ಹೊರಗಿಂದ ಬಂದೋರಿಗೂ ಬಿಟ್ಟು ಹೋಗಾಕ ಮನಸಾಗಲಿಲ್ಲ. ಈ ಕೂಸು ನಮ್ಮ ಭಾಷಾ ಎಷ್ಟು ಚಂದ ಕಲ್ತೈತಿ!" ಎಂದರು. ಚಪ್ಪಾಳೆ ಇನ್ನೂ ಜೋರಾಯಿತು. ಎಲ್ಲರೂ ತಟ್ಟುತ್ತಿದ್ದರೆಂದು ಮಾಯಕ್ಕನೂ ತಟ್ಟಿದಳು.

ಹೊರಡುವಾಗ ದೇವಿಕಾ ಓಡಿಬಂದು ಅವಳ ಕೈ ಹಿಡಿದಳು. ಕಣ್ಣು ಒದ್ದೆಯಾಗಿತ್ತು. "ನೀವು ಹೇಳಿದ್ದು ಖರೇ ಐತ್ರಿ ಮಾಯಕ್ಕ. ಮುಂದಿನ ವರ್ಷ ನಾನ ಬರೀತೀನಿ, ಇಲ್ಲೇ ಉಳ್ಕೊಂಡ ವಿದೇಶಿ ಅಂತ. ಭವ್ಯಂದ ಪಾರ್ಟು. ಭಾಳ ದೊಡ್ಡದು."

"ಆಗ್ಲಿ ಟೀಚರ್," ಎಂದಳು ಮಾಯಕ್ಕ.

ವಾರದ ನಂತರ ಐದನೆಯ ಫೋಟೋ ಗೋಡೆಗೆ ಬಂತು. ಮಗಳನ್ನು ಕರೆತರಲು ಹೋದ ಮಾಯಕ್ಕ ಅದರ ಮುಂದೆ ನಿಂತಳು. ಎರಡನೇ ಸಾಲಿನಲ್ಲಿ, ಯಾರದೋ ಹೂವಿನ ಬುಟ್ಟಿಯನ್ನು ಎದೆಗವಚಿಕೊಂಡು ಭವ್ಯ ಬಾಯಿ ತುಂಬ ಹಾಡುತ್ತಿದ್ದಳು. ಮೀಸೆ ಕೀಳುವುದನ್ನು ಮರೆತಿದ್ದಳು. ಮಾಯಕ್ಕ ಬಹಳ ಹೊತ್ತು ನೋಡಿದಳು. ಮೀಸೆಯೊಂದನ್ನು ಬಿಟ್ಟರೆ, ಹೂವು ಮಾರುವವರ ಆ ಸಾಲಿನಲ್ಲಿ ಬೇರೆಯಾಗಿ ಕಾಣುವಂಥದ್ದು ಅವಳ ಕಣ್ಣಿಗೆ ಏನೂ ಬೀಳಲಿಲ್ಲ.