ಮೀನಿನ ಬರ್ಫ ಮುಟ್ಟಿದ ಕಾಕಾ

ಹೋದ ತಿಂಗಳು ಹತ್ತರಗಿ ಹತ್ತಿರ ಹೈವೇ ಬದಿಗೆ ಒಂದು ಕಾರು ಬಂದ್ ಬಿದ್ದಿತ್ತು. ಗಂಡ ಹೆಂಡತಿ ಇಬ್ಬರೂ ಬಾನೆಟ್ ಎತ್ತಿಕೊಂಡು ಸುಮ್ಮನೆ ಒಳಗೆ ನೋಡುತ್ತ ನಿಂತಿದ್ದರು. ನಾನು ಪಿಕಪ್ ನಿಲ್ಲಿಸಿದೆ. ಹಿಂದಿನ ಮೀನಿನ ಡಬ್ಬಿಯಿಂದ ಒಂದು ತುಂಡು ಬರ್ಫ, ಅಂದರೆ ಮಂಜುಗಡ್ಡೆ, ತಂದು, ಗೋಣಿಚೀಲದ ಚಿಂದಿಯಲ್ಲಿ ಸುತ್ತಿ, ಗಾಡಿ ಕೆಳಗೆ ನುಸುಳಿ ಇಂಜಿನ್ನಿಗೆ ಹಿಡಿದೆ. ಚುಂಯ್ ಅಂತ ಉಗಿ ಎದ್ದಿತು. ಕಾದ ಕಬ್ಬಿಣ, ತೊಯ್ದ ಗೋಣಿ, ಮೀನು... ಮೂರೂ ಕೂಡಿದ ವಾಸನೆ. ಅಲ್ಲೇ ಮಲಗಿದ್ದಾಗ ಕಾಕಾ ನೆನಪಾದರು.

ಕಾಕಾ ನನಗೆ ಸಂಬಂಧಿಕರಲ್ಲ. ಹುಕ್ಕೇರಿಯಲ್ಲಿ ಗಾಡಿ ಸಾಮಾನಿನ ಅಂಗಡಿ ಇಟ್ಟಿದ್ದರು. ಜೈನರು. ಮನೆಯಲ್ಲಿ ಮರಾಠಿ, ಗಿರಾಕಿಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಊರೆಲ್ಲ ಕಾಕಾ ಅನ್ನುತ್ತಿತ್ತು, ನಾನೂ ಅಂದೆ. ನಾನು ಹಿಡಕಲ್ ಡ್ಯಾಮಿನ ಮೀನು ಹೊರುವ ಗಾಡಿಯವನು. ಅವರು ಉಳ್ಳಾಗಡ್ಡಿ, ಬೆಳ್ಳುಳ್ಳಿ ಸಹ ಮುಟ್ಟದವರು, ಹೊತ್ತು ಮುಳುಗುವುದರೊಳಗೆ ಉಂಡು ಏಳುವವರು. ನನ್ನ ಗಾಡಿ ದೂರದಲ್ಲಿ ಕಂಡರೆ ಸಾಕು, ಅಂಗಡಿಯಿಂದ ಹೊರಗೆ ಬಂದು ಕೈ ಬೀಸುತ್ತಿದ್ದರು.

"ಅಲ್ಲೇ ಬೇವಿನ ಗಿಡದ ಕಡೆ ನಿಂದರಸೋ! ಇತ್ತ ತರಬ್ಯಾಡ!"

ಬೇವಿನ ಗಿಡ ಅಂಗಡಿಯಿಂದ ಬಹಳ ದೂರ. ಅಲ್ಲಿಂದ ನಡೆದು ಬರಬೇಕು. ಬಾಗಿಲಲ್ಲಿ ಒಂದು ಕೊಡ, ಒಂದು ತಂಬಿಗೆ. ಕೈ ತೊಳೆಯದೆ ಕೌಂಟರ್ ಮುಟ್ಟುವಂತಿರಲಿಲ್ಲ. "ಕೈ ತೊಳಿ. ಮತ್ತೊಮ್ಮೆ ತೊಳಿ. ಕೈ ಅದಾವೋ, ಗಾಳ ಅದಾವೋ ನಿನಗ?" ನನಗೆ ಸಿಟ್ಟು ಬರುತ್ತಿತ್ತು. ಆದರೂ ಹೋಗುತ್ತಿದ್ದೆ. ಆಗ ಕಂಪ್ಯೂಟರ್ ಇರುವ ಡೀಸೆಲ್ ಇಂಜಿನ್ ಹೊಸದಾಗಿ ಬಂದಿತ್ತು. ಅದಕ್ಕೆ ಅಲ್ಲಲ್ಲಿ ಸೆನ್ಸರ್. ಹೆಬ್ಬೆರಳಿನಷ್ಟು ಸಾಮಾನು, ಬಾಲಕ್ಕೆ ಒಂದು ವೈರು. ಇಂಜಿನ್ ತಿರುಗುತ್ತಿದೆ, ಚಕ್ರ ಓಡುತ್ತಿದೆ ಎಂದು ಕಂಪ್ಯೂಟರಿಗೆ ಸುದ್ದಿ ಕೊಡುವುದು ಅದರ ಕೆಲಸ. ಇಂಜಿನ್ನಿನ ಸುದ್ದಿ ನಿಂತರೆ ಇಂಜಿನ್ ನಿಂತಿತು. ಹುಕ್ಕೇರಿಯಲ್ಲಿ ಅಂಥ ಸಾಮಾನು ಇಡುತ್ತಿದ್ದವರು ಕಾಕಾ ಒಬ್ಬರೇ.

ಅವರ ತಲೆಯ ಮೇಲೆ ಒಂದು ಬೋರ್ಡು ಇತ್ತು. ಇಲೆಕ್ಟ್ರಿಕ್ ಸಾಮಾನು ವಾಪಸ್ ತಗೊಳ್ಳುವುದಿಲ್ಲ. ಕೆಳಗೆ ಮರಾಠಿಯಲ್ಲೂ ಅದೇ.

ಆ ಬೇಸಿಗೆಯಲ್ಲಿ ನನ್ನ ಗಾಡಿ ದಾರಿಯಲ್ಲಿ ನಿಲ್ಲುವುದು ಶುರುವಾಯಿತು. ಓಡುತ್ತ ಓಡುತ್ತ ಬಂದ್. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಚಾಲೂ. ಅದೇ ಹೊತ್ತಿಗೆ ಸ್ಪೀಡಿನ ಮುಳ್ಳೂ ಸತ್ತಿತ್ತು. ಕಾಕಾ ಪೂರ್ತಿ ಕೇಳಲೇ ಇಲ್ಲ. "ಮುಳ್ಳ ಏಳವಲ್ದು ಅಂದ್ರ ಗೇರ್‌ಬಾಕ್ಸಿನ ಸೆನ್ಸರ್ ಹೋಗೇತಿ" ಅಂದು ಒಂದನ್ನು ಕೈಗೆ ಕೊಟ್ಟರು. ಹಾಕಿದೆ. ಮುಳ್ಳು ಎದ್ದಿತು. ಗಾಡಿ ಮಾತ್ರ ನಿಲ್ಲುತ್ತಲೇ ಇತ್ತು.

ಮೂಡಲಗಿಯಲ್ಲಿ ಮೀನು ಕೊಳ್ಳುವ ವ್ಯಾಪಾರಿ ಎರಡು ಸಲ ಮಾಲು ವಾಪಸ್ ಕಳಿಸಿದ್ದ. "ಇನ್ನೊಮ್ಮೆ ಮೆತ್ತಗಾದ ಮೀನಾ ತಂದಿ ಅಂದ್ರ ಮೂಡಲಗಿ ದಾರಿ ಮರ್ತಬಿಡು" ಅಂದಿದ್ದ. ಅವನು ಬಿಟ್ಟರೆ ಅಷ್ಟು ಮೀನು ಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಗಾಡಿ ನನ್ನಣ್ಣನದು. ಮೂಡಲಗಿಯ ವ್ಯಾಪಾರ ಕೈಬಿಟ್ಟರೆ ಗಾಡಿ ಮಾರುತ್ತೇನೆ ಎಂದು ಅವನು ಮುಖಕ್ಕೇ ಹೇಳಿದ್ದ. ಏಳನೇ ಕ್ಲಾಸಿಗೆ ಸಾಲಿ ಬಿಟ್ಟವನು ನಾನು. ಸ್ಟೇರಿಂಗ್ ಬಿಟ್ಟರೆ ನನಗೆ ಬೇರೆ ಏನೂ ಬರುತ್ತಿರಲಿಲ್ಲ.

ಆ ದಿನ ಮಾಲು ತುಂಬಿಕೊಂಡು ಹುಕ್ಕೇರಿಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಊರ ಬಾಯಲ್ಲೇ ಗಾಡಿ ನಿಂತಿತು. ಹಿಂದಿನಿಂದ ಬರ್ಫದ ನೀರು ರಸ್ತೆಗೆ ಸೋರುತ್ತಿತ್ತು. ನಾನು ಅಂಗಡಿಗೆ ಓಡಿದೆ. ಕೈ ತೊಳೆಯಲಿಲ್ಲ.

"ಕಾಕಾ, ನೀವು ಕೊಟ್ಟದ್ದು ಹಾಕೇನಿ. ಗಾಡಿ ಮತ್ತ ಬಂದ್ ಬಿದ್ದೈತ್ರಿ."

"ಮುಳ್ಳ ಎದ್ದೈತೋ ಇಲ್ಲೋ?"

"ಎದ್ದೈತ್ರಿ."

"ಮತ್ತೇನ ಬೇಕ ನಿನಗ? ಬೋರ್ಡ ನೋಡು."

"ಬೋರ್ಡ ನನಗೂ ಓದಾಕ ಬರ್ತೈತ್ರಿ. ಆ ಮುಳ್ಳಿನ ಮ್ಯಾಲೆ ಕುಂತು ಮೂಡಲಗಿಗೆ ಹೋಗ್ಲೇನು?"

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕರು. ಕಾಕಾ ನಗಲಿಲ್ಲ. ಕನ್ನಡಕ ತೆಗೆದರು.

"ಕಾದ ಮ್ಯಾಲೆ ನಿಲ್ಲತೈತೋ, ತಣ್ಣಗಿದ್ದಾಗೋ?"

"ಕಾದ ಮ್ಯಾಲೆ. ಆರಿದ್ರ ಚಾಲೂ ಆಗತೈತಿ."

ಅವರ ಮುಖ ಬದಲಾಯಿತು. ಈ ಮಾತನ್ನು ಹೋದ ಸಲವೇ ಕೇಳಬೇಕಿತ್ತು, ಕೇಳಿರಲಿಲ್ಲ. ಅದು ಅವರಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಹೋಗಿದ್ದದ್ದು ಇಂಜಿನ್ನಿನ ಸೆನ್ಸರ್. ಕಾದರೆ ಒಳಗಿನ ತಂತಿ ಬಿಡುತ್ತದೆ, ಆರಿದರೆ ಕೂಡುತ್ತದೆ. ಅದು ಅಂಗಡಿಯಲ್ಲಿ ಇರಲಿಲ್ಲ. ಮೂಡಲಗಿಯ ದಾರಿಯಲ್ಲೇ, ಗೋಕಾಕದಲ್ಲಿ, ಅವರ ಬೀಗರ ಅಂಗಡಿಯಲ್ಲಿತ್ತು. ಫೋನ್ ಮಾಡಿದರೆ ಬಸ್ಸಿನಲ್ಲಿ ಬರುವುದು ಸಂಜೆಗೆ. ಅಷ್ಟರಲ್ಲಿ ಮೀನು ಮುಗಿದಂತೆಯೇ.

"ಗಾಡೀನ ಗೋಕಾಕಕ್ಕ ಒಯ್ಯಿ" ಅಂದರು. "ನಿಂತಲ್ಲೆ ಸೆನ್ಸರ್ ತಣ್ಣಗ ಮಾಡು, ಮುಂದ ಹೊಡಿ."

"ಯಾತರಲೇ ತಣ್ಣಗ ಮಾಡ್ಲಿ?"

"ಬೆನ್ನಿಗೆ ಬರ್ಫ ಕಟಗೊಂಡ ನನ್ನ ಕೇಳ್ತಿಯಲ್ಲೋ!"

ಆಮೇಲೆ ಶಟರ್ ಎಳೆದರು. ನಡುಮಧ್ಯಾಹ್ನ ಅವರು ಅಂಗಡಿ ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. "ನಾನೂ ಬರ್ತೇನಿ. ಇಲ್ಲಂದ್ರ ಕಾಕಾ ತಪ್ಪ ಸಾಮಾನ ಕೊಟ್ಟ ಅಂತ ಊರ ತುಂಬ ಸಾರತಿ. ನನ್ನ ಕಣ್ಣೀಲೆ ನೋಡ್ತೇನಿ." ಮೂಗಿಗೆ ಟಾವೆಲ್ ಕಟ್ಟಿಕೊಂಡು, ಅಷ್ಟರಲ್ಲಿ ಆರಿ ಚಾಲೂ ಆದ ಮೀನಿನ ಗಾಡಿ ಹತ್ತಿದರು. ಚಹಾದ ಅಂಗಡಿಯವನು ಕೂಗಿದ: "ಕಾಕಾ, ಮೀನಾ ಮಾರಾಕ ಹೊಂಟ್ರೇನ್ರಿ?" ಟಾವೆಲ್ ಒಳಗಿಂದಲೇ ಉತ್ತರ ಬಂತು: "ನಿನ್ನ ಚಾ ಕುಡಿಯೂದಕಿಂತ ಚಲೋ ಐತಿ!"

ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಂಜಿನ್ ಸತ್ತಿತು. ಬರ್ಫ ಒಡೆದು, ಗೋಣಿಯಲ್ಲಿ ಸುತ್ತಿ, ಕೆಳಗೆ ನುಸುಳಿದೆ. ಸೆನ್ಸರ್ ಇದ್ದದ್ದು ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಕಡೆ, ಬಾಜೂಕ್ಕೆ ಹೊಗೆಯ ಪೈಪು. ಕಾಕಾ ಮೇಲೆ ಚಾವಿ ತಿರುಗಿಸಿದರು. ಚಾಲೂ ಆಯಿತು. ಹೊರಟೆವು. ಮತ್ತೆ ಸತ್ತಿತು. ಸಲ ಸಲಕ್ಕೂ ಬರ್ಫ ಕಡಿಮೆಯಾಗುತ್ತಿತ್ತು. ಸೆನ್ಸರಿಗೆ ಕೊಟ್ಟಷ್ಟೂ ಮೀನಿಗೆ ಕಡಿಮೆ.

ಘಟಪ್ರಭಾ ಊರು ಇನ್ನೂ ಮುಂದಿತ್ತು. ಅವಸರದಲ್ಲಿ ನನ್ನ ಅಂಗೈ ಪೈಪಿಗೆ ಹತ್ತಿತು. ಚರ್ಮ ಅಲ್ಲೇ ಅಂಟಿತು. ಹೊರಗೆ ಬಂದು ಕೈ ಮುಷ್ಟಿ ಮಾಡಲು ನೋಡಿದೆ, ಆಗಲಿಲ್ಲ. ಎಡಗೈ ಆ ಸಂದಿಯಲ್ಲಿ ಮುಟ್ಟುತ್ತಿರಲಿಲ್ಲ. ರಸ್ತೆಯಲ್ಲಿ ಮತ್ತೊಂದು ಗಾಡಿ ಇಲ್ಲ. ನೊಣ ಬರತೊಡಗಿದ್ದವು.

ಕಾಕಾ ಕೆಳಗಿಳಿದರು. ಹಿಂದಿನ ಮೀನಿನ ಡಬ್ಬಿಯ ಮುಂದೆ ಬಂದು ನಿಂತರು. ಬರ್ಫ ಅಂದರೆ ಬರೀ ಬರ್ಫ ಅಲ್ಲ. ಅದರಲ್ಲಿ ರಕ್ತ, ಹುರುಪೆ, ಮೀನಿನ ಕಣ್ಣು. ಅವರು ಬಹಳ ಹೊತ್ತು ನಿಂತರು. ಕಣ್ಣು ಮುಚ್ಚಿ ಏನೋ ಗುಣುಗಿದರು. ಧೋತರ ಎತ್ತಿ ಕಟ್ಟಿದರು. ಎರಡೂ ಕೈ ಡಬ್ಬಿಗೆ ಹಾಕಿದರು.

"ನೋಡ್ಕೋತ ಏನ ನಿಂತಿ? ಹೋಗಿ ಚಾವಿ ಹಿಡಿ!"

ಅಂಗಾತ ಮಲಗಿ ಆ ವಯಸ್ಸಿನ ಮನುಷ್ಯ ಗಾಡಿ ಕೆಳಗೆ ಜಾರಿದರು. ಬರ್ಫದ ನೀರು ಅವರ ಎದೆಯ ಮೇಲೆ ಸುರಿಯುವುದು ಕಾಣುತ್ತಿತ್ತು. ಟಾವೆಲ್ ಯಾವಾಗಲೋ ಬಿದ್ದುಹೋಗಿತ್ತು. "ಚಾಲೂ ಮಾಡೋ ಹುಚ್ಚಾ!" ಎಂದು ಕೆಳಗಿಂದ ಕೂಗಿದರು. ಆಯಿತು. ಗೋಕಾಕ ಮುಟ್ಟುವವರೆಗೂ ಗಾಡಿ ನಿಂತಾಗಲೆಲ್ಲ ಅವರೇ ಇಳಿದರು. ನಾನು ಒಂದು ಕೈಯಲ್ಲಿ ಗಾಡಿ ಹೊಡೆದೆ, ಗೇರ್ ಅವರು ಹಾಕಿದರು.

ಗೋಕಾಕದ ಬೀಗರು ಅವರನ್ನು ನೋಡಿ ಹಿಂದೆ ಸರಿದರು. ಮರಾಠಿಯಲ್ಲಿ ಏನೋ ಕೇಳಿದರು. ಕಾಕಾ ಕನ್ನಡದಲ್ಲೇ ಅಂದರು: "ಮೊದಲ ಸೆನ್ಸರ್ ಕೊಡ್ರಿ, ಆಮೇಲೆ ನಗ್ರಿ."

ಒಂದು ಬೋಲ್ಟು, ಒಂದು ಪ್ಲಗ್ಗು. ಅಷ್ಟೇ ಕೆಲಸ. ಪಕ್ಕದ ಗ್ಯಾರೇಜಿನವನು ಹಾಕಿಕೊಟ್ಟ. ಕಾದ ಇಂಜಿನ್ ಒಂದೇ ಏಟಿಗೆ ಚಾಲೂ ಆಯಿತು. ಕಾಕಾ ಮೂಡಲಗಿಗೆ ಬರಲಿಲ್ಲ. ಬೆನ್ನು ತಿರುಗಿಸಿ ಹೊಳೆಯ ಕಡೆ ನಡೆದರು. ನಾನು ಸುಟ್ಟ ಅಂಗೈಗೆ ಬಟ್ಟೆ ಸುತ್ತಿಕೊಂಡು ಒಬ್ಬನೇ ಹೊರಟೆ.

ಮೂಡಲಗಿಯಲ್ಲಿ ವ್ಯಾಪಾರಿ ಒಂದು ಮೀನು ಎತ್ತಿ ಕಿವಿರು ತೆರೆದು ನೋಡಿದ. ಹೊಟ್ಟೆ ಒತ್ತಿದ. ಆಮೇಲೆ ತಕ್ಕಡಿ ತರಲು ಹೇಳಿದ. ನಾನು ಎಡಗೈಯಲ್ಲೇ ಮೀನು ಇಳಿಸತೊಡಗಿದೆ.

ಉಳಿದದ್ದನ್ನು ಕಾಕೂ ಆಮೇಲೆ ಹೇಳಿದರು. ಅವರು ಕಾಕಾರ ಹೆಂಡತಿ. ಕಾಕಾ ಬಟ್ಟೆ ಸಮೇತ ಹೊಳೆಯಲ್ಲಿ ಮುಳುಗಿ, ಹಸಿ ಧೋತರದಲ್ಲೇ ಬಸ್ಸು ಹತ್ತಿದ್ದರಂತೆ. ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಉಣ್ಣಲಿಲ್ಲ. ಹಾಗೇ ಮಲಗಿದರಂತೆ.

ಮುಂದೆ ಏನೂ ಬದಲಾಗಲಿಲ್ಲ. ಗಾಡಿ ಬೇವಿನ ಗಿಡದ ಹತ್ತಿರ, ಕೈ ತೊಳೆ, ಮತ್ತೊಮ್ಮೆ ತೊಳೆ. ಬೋರ್ಡೂ ಅಲ್ಲೇ ಇತ್ತು. ಒಂದೇ ಒಂದು ಹೊಸದು. ಯಾರು ಸೆನ್ಸರ್ ಕೇಳಿದರೂ ಮೊದಲು ಕೇಳುತ್ತಿದ್ದರು: "ಕಾದ ಮ್ಯಾಲೋ, ತಣ್ಣಗಿದ್ದಾಗೋ?" ಕೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ.

ಅವರು ತೀರಿದ ಸುದ್ದಿ ನನಗೆ ಹಿಡಕಲ್‌ನಲ್ಲಿ ಮಾಲು ತುಂಬುವಾಗ ಬಂತು. ಇದ್ದ ಬಟ್ಟೆಯಲ್ಲೇ ಹೋದೆ. ಬೇವಿನ ಗಿಡದ ಹತ್ತಿರ ಗಾಡಿ ನಿಲ್ಲಿಸಿ ಅಲ್ಲೇ ನಿಂತೆ. ಮೈ ತುಂಬ ಮೀನಿನ ವಾಸನೆ. ಅವರನ್ನು ಆ ದಾರಿಯಲ್ಲೇ ಒಯ್ದರು.

ಈಗ ಆ ಗಿಡ ಇಲ್ಲ, ರಸ್ತೆ ಅಗಲ ಮಾಡುವಾಗ ಕಡಿದರು. ಅಂಗಡಿಯಲ್ಲಿ ಮೊಬೈಲ್ ಮಾರುತ್ತಾರೆ.

ಹತ್ತರಗಿಯಲ್ಲಿ ಆ ಗಂಡ ಹೆಂಡತಿಗೆ ನಾನು ಮೊದಲು ಕೇಳಿದ್ದು ಅದೇ ಮಾತು. ಕಾದ ಮೇಲೆ, ಅಂದರು. ಬರ್ಫ ಹಿಡಿದೆ, ಕಾರು ಚಾಲೂ ಆಯಿತು, ಹೋದರು. ನಾನು ರಸ್ತೆ ಬದಿಗೆ ನಿಂತೆ, ಕೈ ತುಂಬ ಮೀನಿನ ನೀರು. ಕೈ ತೊಳಿ ಎನ್ನಲು ಅಲ್ಲಿ ಯಾರೂ ಇರಲಿಲ್ಲ.